ಮೈ ಉಳಿದ ಮನ್ಮಥ: ಮುಂಬಯಿಯ ಈರೋಸ್ ಚಿತ್ರಮಂದಿರ

ನಮ್ಮ ಪತ್ರಿಕೆಗಳಲ್ಲಿ ವಾರವಾರವೂ ಚಲಚ್ಚಿತ್ರಗಳ ವಿಮರ್ಶೆ ಬರುತ್ತದೆ. ಕಥೆ ಹೇಗಿದೆ, ನಟರು ಹೇಗೆ ಅಭಿನಯಿಸಿದ್ದಾರೆ, ಛಾಯಾಗ್ರಾಹಕನ ಕೈಚಳಕ ಎಷ್ಟರಮಟ್ಟಿನದು, ಹಾಡುಗಳು ನಾಲಗೆಯ ಮೇಲೆ ನಿಲ್ಲುವಂಥವೇ ಎಂಬುದನ್ನೆಲ್ಲ ವಿಮರ್ಶಕರು ತೂಗಿ ನೋಡುತ್ತಾರೆ. ಆದರೆ ಆ ಚಿತ್ರವನ್ನು ತೋರಿಸುವ ಮಂದಿರದ ವಿಮರ್ಶೆ ಎಲ್ಲಿಯೂ ಕಾಣುವುದಿಲ್ಲ. ಹೆಚ್ಚೆಂದರೆ ಕುರ್ಚಿಯಲ್ಲಿ ತಿಗಣೆಯಿತ್ತು, ಧ್ವನಿ ಸರಿಯಾಗಿ ಕೇಳಿಸಲಿಲ್ಲ ಎಂಬ ದೂರೊಂದು ವಾಚಕರ ಪತ್ರಗಳ ಅಂಕಣದಲ್ಲಿ ಬಂದೀತು. ದೇವಸ್ಥಾನವನ್ನು ಕುರಿತು ಬರೆಯುವವರು ಮೂರ್ತಿಯನ್ನು ಮಾತ್ರ ವರ್ಣಿಸಿ ಗುಡಿಯನ್ನು ಬಿಟ್ಟುಬಿಟ್ಟರೆ ಅದನ್ನು ಅರೆಬರೆ ಬರಹವೆನ್ನುತ್ತೇವೆ. ಸಿನಿಮಾದ ವಿಷಯದಲ್ಲಿ ಆ ಅರೆಬರೆ ಕೆಲಸವನ್ನೇ ನಾವು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದೇವೆ.

ಚಿತ್ರಮಂದಿರವೂ ಒಂದು ಕೃತಿ. ಅದಕ್ಕೆ ಕರ್ತೃವಿದ್ದಾನೆ, ಉದ್ದೇಶವಿದೆ, ರೂಪವಿದೆ; ಅದರ ಗುಣದೋಷಗಳನ್ನು ಎಣಿಸಲು ಬರುತ್ತದೆ. ಕಾಲ ಕಳೆದಂತೆ ಅದನ್ನು ಬೇರೆಯವರು ತಿದ್ದುತ್ತಾರೆ, ಸಂಗ್ರಹಿಸುತ್ತಾರೆ, ಕೆಲವೊಮ್ಮೆ ಹರಿದು ಬಿಸಾಡುತ್ತಾರೆ. ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದ ಎದುರಿಗಿರುವ ಈರೋಸ್ ಅಂಥ ಒಂದು ಕೃತಿ. ಅದು 1938ರಲ್ಲಿ ಬಾಗಿಲು ತೆರೆಯಿತು. 2017ರಲ್ಲಿ ಅದಕ್ಕೆ ಬೀಗ ಬಿತ್ತು. 2024ರಲ್ಲಿ ಹೊಸ ವ್ಯವಸ್ಥೆಯೊಡನೆ ಮತ್ತೆ ತೆರೆಯಿತು. ಈರೋಸ್ ಉಳಿಯಿತೆಂದು ಆ ಊರಿನವರು ಸಂತೋಷಪಟ್ಟರು. ಸಂತೋಷಪಡಬೇಕಾದ್ದೇ ಸರಿ. ಆದರೆ ಉಳಿದದ್ದು ಯಾವುದು, ಹೋದದ್ದು ಯಾವುದು ಎಂಬ ಲೆಕ್ಕವನ್ನು ಯಾರಾದರೂ ಒಮ್ಮೆ ನಿಧಾನವಾಗಿ ಹಾಕಬೇಕಾಗಿದೆ.

ಈರೋಸಿನ ಹಿನ್ನೆಲೆಯನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1896ನೆಯ ಇಸವಿ ಜುಲೈ 7ರಂದು ಮುಂಬಯಿಯ ವಾಟ್ಸನ್ಸ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ತೋರಿಸಿದರು. ಪ್ರವೇಶಕ್ಕೆ ಒಂದು ರೂಪಾಯಿ. ಹೀಗೆ ನಮ್ಮ ದೇಶಕ್ಕೆ ಸಿನಿಮಾ ಬಂದದ್ದು ಸ್ವಂತ ಮನೆಯಿಲ್ಲದ ಅತಿಥಿಯಾಗಿ. ಮುಂದೆ ಎಷ್ಟೋ ವರ್ಷ ಅದು ಡೇರೆಗಳಲ್ಲಿಯೂ ನಾಟಕಶಾಲೆಗಳಲ್ಲಿಯೂ ಬಿಡಾರ ಮಾಡಿಕೊಂಡಿತ್ತು. 1931ರ ಮಾರ್ಚ್ 14ರಂದು ಗಿರಗಾಂವಿನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ತೆರೆಕಂಡು ನಮ್ಮ ಸಿನಿಮಾ ಮಾತನಾಡತೊಡಗಿತು. ಆ ಮಂದಿರ ಈಗ ಇಲ್ಲ; ಆ ಚಿತ್ರದ ಪ್ರತಿಯೂ ಎಲ್ಲಿಯೂ ದೊರೆತಿಲ್ಲ. ಆದರೆ ಆ ದಿನದಿಂದ ಮಂದಿರದ ಕಟ್ಟಡಕ್ಕೆ ಹೊಸ ಕರ್ತವ್ಯವೊಂದು ಬಂತು. ಮೂಕಚಿತ್ರದ ಕಾಲದಲ್ಲಿ ಪ್ರೇಕ್ಷಕರು ಗದ್ದಲ ಮಾಡಿದರೂ ಕಥೆಗೆ ಕುಂದಿರಲಿಲ್ಲ. ಚಿತ್ರ ಮಾತನಾಡತೊಡಗಿದ ಮೇಲೆ ಗೋಡೆಗಳೂ ಕಿವಿಗೊಡುವುದನ್ನು ಕಲಿಯಬೇಕಾಯಿತು. ಮಾತು ಪ್ರತಿಧ್ವನಿಸಬಾರದು, ಕೊನೆಯ ಸಾಲಿಗೂ ಕೇಳಿಸಬೇಕು, ಹೊರಗಿನ ಟ್ರಾಮಿನ ಸದ್ದು ಒಳಗೆ ಬರಬಾರದು, ಕಿಟಕಿ ಮುಚ್ಚಿದರೆ ಒಳಗಿನವರು ಬೆಂದುಹೋಗಲೂ ಬಾರದು. ಅರಮನೆಯ ಥಳಕಿನ ಹಿಂದೆ ಇಂಥ ವ್ಯಾವಹಾರಿಕ ಅಗತ್ಯಗಳಿದ್ದುವೆಂಬುದನ್ನು ಮರೆಯಬಾರದು.

1933ರಲ್ಲಿ ಕೊಲಾಬಾದ ಬಳಿ ರೀಗಲ್ ತೆರೆಯಿತು. ಮೊದಲ ಚಿತ್ರ ಲಾರೆಲ್ ಮತ್ತು ಹಾರ್ಡಿ ಜೋಡಿಯದು. ಅದನ್ನು ರೂಪಿಸಿದವನು ಚಾರ್ಲ್ಸ್ ಸ್ಟೀವನ್ಸ್. ಇವನ ತಂದೆ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣವನ್ನು ಕಟ್ಟಿದ ವಾಸ್ತುಶಿಲ್ಪಿ. ತಂದೆ ಕಲ್ಲಿನಲ್ಲಿ ಗೋಪುರ, ಕಮಾನು, ಪ್ರಾಣಿಪಕ್ಷಿಗಳನ್ನು ಕೆತ್ತಿಸಿದ; ಮಗ ಕಾಂಕ್ರೀಟಿನಲ್ಲಿ ನೇರ ಗೆರೆಗಳನ್ನು ಎಳೆದ, ಸಭಾಂಗಣದ ಒಳಗೆ ಸೂರ್ಯಕಿರಣಗಳ ಚಿತ್ತಾರವನ್ನು ಹರಡಿಸಿದ, ಕಾರುಗಳನ್ನು ನಿಲ್ಲಿಸಲು ನೆಲಮಾಳಿಗೆಯನ್ನು ಒದಗಿಸಿದ. ಒಂದೇ ಮನೆತನದ ಎರಡು ತಲೆಮಾರಿನಲ್ಲಿ ಒಂದು ನಗರದ ಅಭಿರುಚಿ ಎಷ್ಟು ದೂರ ಸಾಗಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ. ಈ ಶೈಲಿಯನ್ನು ಇಂದು ಆರ್ಟ್ ಡೆಕೊ ಎನ್ನುತ್ತಾರೆ. ಆ ಹೆಸರು ಚಲಾವಣೆಗೆ ಬಂದದ್ದು 1960ರ ದಶಕದಲ್ಲಿ. ಕಟ್ಟಿದವರು ಅದನ್ನು ಹೊಸ ರೀತಿ ಎಂದಷ್ಟೇ ತಿಳಿದಿದ್ದರು.

1938ರಲ್ಲಿ ಎರಡು ಅರಮನೆಗಳು ಒಂದರ ಹಿಂದೊಂದು ಎದ್ದುವು. ಫೆಬ್ರುವರಿಯಲ್ಲಿ ಈರೋಸ್, ಜೂನಿನಲ್ಲಿ ಮೆಟ್ರೊ. ಮೆಟ್ರೊ ಹಾಲಿವುಡ್ಡಿನ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆ ತನ್ನ ಚಿತ್ರಗಳಿಗಾಗಿ ತಾನೇ ಕಟ್ಟಿಸಿಕೊಂಡದ್ದು. ಅದನ್ನು ರೂಪಿಸಿದ ಥಾಮಸ್ ಲ್ಯಾಂಬ್ ಅಮೆರಿಕದಲ್ಲಿ ಇಂಥ ಮಂದಿರಗಳನ್ನು ಕಟ್ಟಿ ಕೈಪಳಗಿದವನು. ಒಳಗಿನ ಭಿತ್ತಿಚಿತ್ರಗಳನ್ನು ಮಾತ್ರ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಚಾರ್ಲ್ಸ್ ಜೆರಾರ್ಡ್ ಅವರ ಮಾರ್ಗದರ್ಶನದಲ್ಲಿ ಬರೆದರು. ಈರೋಸಿನ ಕಥೆ ಬೇರೆ. ಅದರ ಒಡೆಯರು ಊರಿನವರೇ ಆದ ಪಾರಸಿ ಉದ್ಯಮಿ ಕಂಬಾಟಾ. ವಾಸ್ತುಶಿಲ್ಪಿಯೂ ಊರಿನವರೇ ಆದ ಸೊಹ್ರಾಬ್‌ಜಿ ಭೇಡ್ವಾರ್. ಸಮುದ್ರವನ್ನು ಹಿಂದಕ್ಕೆ ನೂಕಿ ಸಂಪಾದಿಸಿದ ಬ್ಯಾಕ್ ಬೇ ನೆಲದಲ್ಲಿ, ಎರಡು ರಸ್ತೆಗಳು ಕೂಡುವ ಮೂಲೆಯಲ್ಲಿ, 1935ರಲ್ಲಿ ಅಡಿಗಲ್ಲಿಟ್ಟು ಕಟ್ಟತೊಡಗಿದರು.

ಮೂಲೆಯ ನಿವೇಶನ ವಾಸ್ತುಶಿಲ್ಪಿಗೆ ಒಂದು ಸಮಸ್ಯೆ. ಎರಡು ಬೀದಿಗೂ ಮುಖ ತೋರಿಸಬೇಕು. ಎರಡಕ್ಕೂ ಬೆನ್ನು ಮಾಡಬಾರದು. ಭೇಡ್ವಾರ್ ಕಟ್ಟಡವನ್ನು ಎರಡು ರೆಕ್ಕೆಗಳಾಗಿ ಬಿಡಿಸಿ, ಅವು ಸೇರುವ ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುತ್ತ ಮೇಲೇರುವ ಗೋಪುರವೊಂದನ್ನು ನಿಲ್ಲಿಸಿದರು. ಆಗ್ರಾದ ಕೆಂಪು ಮರಳುಗಲ್ಲು, ಅದರ ಪಕ್ಕದಲ್ಲಿ ಕೆನೆಬಣ್ಣ. ರೈಲು ನಿಲ್ದಾಣದಿಂದ ಹೊರಬಂದ ಗುಮಾಸ್ತನ ಕಣ್ಣಿಗೆ ಮೊದಲು ಬೀಳುವುದು ಅದೇ. ಒಂದೇ ಕಟ್ಟಡದಲ್ಲಿ ಅಂಗಡಿಗಳಿದ್ದುವು, ಕಚೇರಿಗಳಿದ್ದುವು, ನಡುವೆ ಚಿತ್ರಮಂದಿರವಿತ್ತು. ಒಳಹೊಕ್ಕರೆ ಕಪ್ಪು ಬಿಳುಪು ಅಮೃತಶಿಲೆಯ ಮೊಗಸಾಲೆ, ಅಲ್ಲಲ್ಲಿ ಚಿನ್ನದ ಬಣ್ಣದ ಲೇಪ. ಮೇಲಕ್ಕೆ ಹೋಗಲು ಹೊಳೆಯುವ ಲೋಹದ ಕೈಪಿಡಿಯಿದ್ದ ಅಮೃತಶಿಲೆಯ ಮೆಟ್ಟಿಲುಗಳು. ಗೋಡೆಯ ಮೇಲೆ ಭಾರತದ ದೃಶ್ಯಗಳ ಚಿತ್ರಗಳು. ಇವನ್ನೆಲ್ಲ ದಾಟಿದ ಮೇಲೆ 1,204 ಜನ ಕುಳಿತುಕೊಳ್ಳಬಹುದಾದ ಸಭಾಂಗಣ.

ಈ ಅನುಕ್ರಮವೇ ಅರಮನೆಯ ಕಲೆ. ಚಿತ್ರ ನೋಡಲು ಬೇಕಾದದ್ದು ಒಂದು ಕತ್ತಲೆ ಕೋಣೆ, ಒಂದು ಬಿಳಿಯ ಬಟ್ಟೆ, ಒಂದು ಯಂತ್ರ ಅಷ್ಟೆ. ಅಷ್ಟನ್ನು ಒದಗಿಸಲು ಅಮೃತಶಿಲೆಯ ಅಗತ್ಯವಿಲ್ಲ. ಆದರೆ ಬೀದಿಯಿಂದ ನೇರವಾಗಿ ಕತ್ತಲೆಗೆ ನುಗ್ಗಿದ ಮನುಷ್ಯ ಬೀದಿಯನ್ನೇ ತಲೆಯಲ್ಲಿ ಹೊತ್ತುಕೊಂಡು ಕುಳಿತಿರುತ್ತಾನೆ. ನಮ್ಮ ಹಳೆಯ ದೇವಾಲಯಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಮಹಾದ್ವಾರ, ಪ್ರಾಕಾರ, ನವರಂಗ, ಅಂತರಾಳ ಇವನ್ನೆಲ್ಲ ಕಳೆದು ಹೋಗುವಷ್ಟರಲ್ಲಿ ಭಕ್ತನ ನಡಿಗೆ ನಿಧಾನವಾಗುತ್ತದೆ, ದನಿ ತಗ್ಗುತ್ತದೆ, ಕಣ್ಣು ಮಬ್ಬು ಬೆಳಕಿಗೆ ಹೊಂದಿಕೊಳ್ಳುತ್ತದೆ. ಅಷ್ಟಾದ ಮೇಲೆ ಗರ್ಭಗುಡಿ. ಚಿತ್ರಮಂದಿರದ ಶಿಲ್ಪಿ ಈ ಕ್ರಮವನ್ನು ದೇವಾಲಯದಿಂದ ಕಲಿತನೆಂದು ನಾವು ಹೇಳುತ್ತಿಲ್ಲ. ಮನುಷ್ಯನನ್ನು ಸಿದ್ಧಪಡಿಸುವ ಕೆಲಸ ಎಲ್ಲಿಯೇ ಆಗಲಿ ಇಂಥ ದಾರಿಯನ್ನೇ ಹಿಡಿಯುತ್ತದೆಂದು ಹೇಳುತ್ತಿದ್ದೇವೆ. ಈರೋಸಿನ ಮೆಟ್ಟಿಲನ್ನು ಹತ್ತುವಾಗ ಟಿಕೆಟ್ಟು ಕೊಂಡವನು ಕೆಲವು ನಿಮಿಷ ದೊರೆಯಾಗುತ್ತಿದ್ದ. ಬಾಡಿಗೆಯ ದೊರೆತನವೇ ಸರಿ; ಆದರೆ ಚಾಳಿನ ಒಂದು ಕೋಣೆಯಲ್ಲಿ ಏಳು ಜನರೊಡನೆ ಬಾಳುವವನಿಗೆ ಎತ್ತರವಾದ ಮಾಳಿಗೆಯ ಕೆಳಗೆ ಮೂರು ಗಂಟೆ ಕುಳಿತಿರುವುದು ಹಗುರವಾಗಿ ತೆಗೆದುಹಾಕುವಂಥ ಅನುಭವವಲ್ಲ.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳಬೇಕು. ಈ ದೊರೆತನ ಎಲ್ಲರಿಗೂ ಸಮನಾಗಿ ದೊರೆಯುತ್ತಿರಲಿಲ್ಲ. ಅರಮನೆಯೆಂದ ಮೇಲೆ ಅಂತಸ್ತುಗಳೂ ಇರಲೇಬೇಕಲ್ಲ. ಕೆಳಗೆ ಸ್ಟಾಲು, ಮೇಲೆ ಬಾಲ್ಕನಿ. ಕಾಸಿಗೆ ತಕ್ಕ ಕುರ್ಚಿ. ನಮ್ಮ ಕಡೆ ‘ಗಾಂಧಿ ಕ್ಲಾಸು’ ಎಂದು ನಗುತ್ತ ಕರೆಯುವ ಮುಂದಿನ ಸಾಲುಗಳಲ್ಲಿ ಕತ್ತೆತ್ತಿ ನೋಡಿ ಕುತ್ತಿಗೆ ನೋಯಿಸಿಕೊಂಡವರೇ ಸಿನಿಮಾದ ನಿಜವಾದ ಪೋಷಕರಾದರೂ, ಅರಮನೆಯ ಅತ್ಯುತ್ತಮ ನೋಟ ಅವರಿಗೆ ಸಿಕ್ಕಿದ್ದಿಲ್ಲ. ಇದಕ್ಕಿಂತ ದೊಡ್ಡ ದೋಷ ಭಾಷೆಯದು. ರೀಗಲ್, ಈರೋಸ್, ಮೆಟ್ರೊ ಮೂರೂ ಮುಖ್ಯವಾಗಿ ಇಂಗ್ಲಿಷ್ ಚಿತ್ರಗಳಿಗಾಗಿ ಎದ್ದ ಮಂದಿರಗಳು. ಗೋಡೆಯ ಮೇಲೆ ಭಾರತ, ತೆರೆಯ ಮೇಲೆ ಹಾಲಿವುಡ್ಡು. ಈ ನೆಲದ ಮಾತಿನ ಚಿತ್ರಗಳಿಗೆ ಗಿರಗಾಂವ್, ಗ್ರಾಂಟ್ ರಸ್ತೆಗಳ ಇಕ್ಕಟ್ಟಿನ ಮಂದಿರಗಳೇ ಗತಿಯಾಗಿದ್ದುವು. ಹೀಗಾಗಿ ಆ ಅರಮನೆಗಳಲ್ಲಿ ನಮ್ಮವರು ದೊರೆಗಳಾದದ್ದು ಪರಭಾಷೆಯಲ್ಲಿ.

ಈ ವಿಪರೀತ ಎದ್ದು ಕಂಡದ್ದು 1954ರ ಮಾರ್ಚ್ 21ರಂದು. ಫಿಲ್ಮ್‌ಫೇರ್ ಪತ್ರಿಕೆಯ ಮೊತ್ತಮೊದಲ ಪ್ರಶಸ್ತಿ ಸಮಾರಂಭ ಮೆಟ್ರೊದಲ್ಲಿ ನಡೆಯಿತು. ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆದದ್ದು ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’: ಎರಡು ಬೀಘಾ ಹೊಲವನ್ನು ಉಳಿಸಿಕೊಳ್ಳಲು ಕಲಕತ್ತೆಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ. ಆ ರೈತನಂಥವರು ಯಾರೂ ಅಂದು ಆ ಮೊಗಸಾಲೆಯಲ್ಲಿ ನಿಂತಿರಲಾರರು. ಆದರೂ ಅವನ ಕಥೆಗೆ ಅಮೆರಿಕದ ಸಿಂಹಲಾಂಛನದ ಮನೆಯಲ್ಲಿ ಮರ್ಯಾದೆ ಸಂದಿತೆಂಬುದು ಸಣ್ಣ ಸಂಗತಿಯೂ ಅಲ್ಲ.

ಅರಮನೆಯ ಈ ದೋಷಕ್ಕೆ ಮಾತಿನಲ್ಲಲ್ಲದೆ ಕಟ್ಟಡದ ಮೂಲಕವೇ ಉತ್ತರ ಕೊಟ್ಟವರೂ ಇದ್ದರು. ಮರೀನ್ ಲೈನ್ಸ್ ಬಳಿಯ ಲಿಬರ್ಟಿ ಅಂಥ ಉತ್ತರ. ಹಬೀಬ್ ಹುಸೇನ್ ಎಂಬುವರು ಹಿಂದಿ ಚಿತ್ರಗಳಿಗೆಂದೇ ಅದನ್ನು ಕಟ್ಟಿಸಿದರು. ದೇಶ ಸ್ವತಂತ್ರವಾದ ಸಂತೋಷಕ್ಕೆ ಆ ಹೆಸರಿಟ್ಟರು. ರಿಡ್ಲಿ ಆಬಟ್ ಆರಂಭಿಸಿದ ಕಟ್ಟಡವನ್ನು ಅವನ ಮರಣಾನಂತರ ಜೆ. ಬಿ. ಫರ್ನಾಂಡಿಸ್ ಪೂರೈಸಿದರು. ಒಳಾಂಗಣ ವಾಮನ್ ನಾಮಜೋಶಿ ಅವರದು. ಜಯಪುರದ ರಾಜಮಂದಿರವನ್ನು ಮುಂದೆ ರೂಪಿಸಿದವರೂ ಇವರೇ. 1949ರಲ್ಲಿ ಮೆಹಬೂಬ್ ಖಾನರ ‘ಅಂದಾಜ್’ ಚಿತ್ರದೊಡನೆ ಲಿಬರ್ಟಿ ತೆರೆಯಿತು. 1957ರಲ್ಲಿ ಅವರದೇ ‘ಮದರ್ ಇಂಡಿಯಾ’ ಅಲ್ಲಿಯೇ ಮೊದಲು ತೆರೆಕಂಡಿತು. ಹನ್ನೆರಡು ನೂರರಷ್ಟು ಆಸನಗಳು, ಮರದ ಹೊದಿಕೆಯ ಗೋಡೆಗಳು, ಚಿಮ್ಮುತ್ತಿರುವಾಗಲೇ ಹೆಪ್ಪುಗಟ್ಟಿದ ಕಾರಂಜಿಗಳಂತೆ ಕಾಣುವ ಅಲಂಕಾರ. ಈರೋಸಿಗಿಂತ ಇದರಲ್ಲಿ ಸಂಯಮ ಕಡಿಮೆ, ಸಂಭ್ರಮ ಹೆಚ್ಚು. ಶುದ್ಧ ಶೈಲಿಯ ಕಣ್ಣಿನಿಂದ ನೋಡುವವರು ಅದನ್ನು ಅತಿ ಎಂದಾರು. ಆದರೆ ನಮ್ಮ ಮಾತಿನ ಚಿತ್ರಕ್ಕೂ ಮೊದಲ ಪಂಕ್ತಿಯ ಮನೆ ಬೇಕೆಂದು ಕಟ್ಟಿದವರ ಉತ್ಸಾಹದಲ್ಲಿ ಸ್ವಲ್ಪ ಅತಿಯಾದರೆ ಕ್ಷಮಿಸಬಹುದು.

ಈ ಅರಮನೆಗಳು ಏಕೆ ಕುಗ್ಗಿದುವು? ದೂರದರ್ಶನ ಬಂತು, ಜನ ಮನೆಯಲ್ಲೇ ಕುಳಿತರು ಎಂಬುದು ಎಲ್ಲರೂ ಹೇಳುವ ಉತ್ತರ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಮುಂಬಯಿಯಲ್ಲಿ ದೂರದರ್ಶನ ಆರಂಭವಾದದ್ದು 1972ರಲ್ಲಿ. ಬಣ್ಣ ಬಂದದ್ದು 1982ರಲ್ಲಿ. ಅದರ ಬೆನ್ನಿಗೇ ವಿಡಿಯೊ ಕ್ಯಾಸೆಟ್ಟು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಂಪನಿಗಳೊಡನೆ ಇದ್ದ ಒಪ್ಪಂದ ಮುಗಿದು ಹೊಸ ಇಂಗ್ಲಿಷ್ ಚಿತ್ರಗಳ ಆಮದು ತಗ್ಗಿದ್ದೂ ಈ ಮಂದಿರಗಳಿಗೆ ಪೆಟ್ಟಾಯಿತು. ಆದರೆ ಜನ ಸಿನಿಮಾವನ್ನು ಬಿಡಲಿಲ್ಲವೆಂಬುದಕ್ಕೆ ಲಿಬರ್ಟಿಯೇ ಸಾಕ್ಷಿ: 1994ರಲ್ಲಿ ಅಲ್ಲಿ ತೆರೆಕಂಡ ‘ಹಮ್ ಆಪ್ಕೆ ಹೈಂ ಕೌನ್’ ನೂರಕ್ಕೂ ಹೆಚ್ಚು ವಾರ ಓಡಿತು. ಮನೆಮನೆಯಲ್ಲಿ ಟೀವಿಯಿದ್ದ ಕಾಲ ಅದು.

ನಿಜವಾದ ತೊಡಕು ಅಂಕಗಣಿತದ್ದು. ಈರೋಸಿನಂಥ ಮಂದಿರದಲ್ಲಿ ದಿನಕ್ಕೆ ನಾಲ್ಕು ಪ್ರದರ್ಶನವೆಂದರೆ 4,816 ಆಸನ, ವಾರಕ್ಕೆ 33,712. ಇಷ್ಟನ್ನೂ ಒಂದೇ ಚಿತ್ರ ತುಂಬಬೇಕು. ಚಿತ್ರ ಸೋತರೆ ಸಾವಿರ ಖಾಲಿ ಕುರ್ಚಿಗಳಿಗೂ ತಂಪುಗಾಳಿ ಊದಬೇಕು, ಅಷ್ಟೇ ನೆಲ ಗುಡಿಸಬೇಕು, ಅಷ್ಟೇ ಜನರಿಗೆ ಸಂಬಳ ಕೊಡಬೇಕು. ಹತ್ತಾರು ಮನೆಗಳಿಗೆ ಒಂದೇ ಬಾವಿಯಿದ್ದಂತೆ, ನೀರು ಬತ್ತಿದರೆ ಬೇರೆ ದಾರಿಯಿಲ್ಲ. ಬಹುತೆರೆಯ ಮಂದಿರಕ್ಕೆ ಈ ಭಯ ಕಡಿಮೆ. ಗೆದ್ದ ಚಿತ್ರವನ್ನು ದೊಡ್ಡ ಕೋಣೆಗೆ, ಸೋತದ್ದನ್ನು ಸಣ್ಣ ಕೋಣೆಗೆ ಹಾಕಿ ಅದು ನಷ್ಟವನ್ನು ಹಂಚಿಕೊಳ್ಳಬಲ್ಲದು. 1997ರಲ್ಲಿ ದೆಹಲಿಯ ಸಾಕೇತದ ಅನುಪಮ್ ಚಿತ್ರಮಂದಿರವನ್ನು ಹಾಗೆ ಮಾರ್ಪಡಿಸಿ ದೇಶಕ್ಕೆ ಈ ಪದ್ಧತಿಯನ್ನು ತಂದರು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ಇಂಥ ಹೊಸ ಮಂದಿರಗಳಿಗೆ ಮೊದಲ ಕೆಲವು ವರ್ಷ ಮನರಂಜನಾ ತೆರಿಗೆಯಲ್ಲಿ ವಿನಾಯಿತಿ ಕೊಟ್ಟಿತು. ಹಳೆಯ ಏಕತೆರೆಯ ಮಂದಿರ ತೆರಿಗೆ ತೆತ್ತು ಸ್ಪರ್ಧಿಸಬೇಕಾಯಿತು. ಇದರ ಮೇಲೆ ಕಟ್ಟಡದ ಕೆಳಗಿನ ಭೂಮಿಯ ಬೆಲೆ. ದಕ್ಷಿಣ ಮುಂಬಯಿಯ ಮೂಲೆ ನಿವೇಶನವೊಂದರ ಮೇಲೆ ಸಿನಿಮಾ ತೋರಿಸುವುದೆಂದರೆ ಚಿನ್ನದ ತಟ್ಟೆಯಲ್ಲಿ ಕಡಲೆಪುರಿ ಮಾರಿದಂತೆ ಎಂದು ವ್ಯವಹಾರ ಬಲ್ಲವರು ಹೇಳಿದರೆ ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಈ ಅಂಕಗಣಿತಕ್ಕೆ ನಾಲ್ಕು ಅರಮನೆಗಳೂ ನಾಲ್ಕು ರೀತಿಯ ಉತ್ತರ ಬರೆದುವು. ರೀಗಲ್ ತನ್ನ ಏಕತೆರೆಯನ್ನು ಬಿಟ್ಟುಕೊಡದೆ ಬಹುಕಾಲ ಸೆಣಸಿತು. ಮೆಟ್ರೊ 2006ರಲ್ಲಿ ಹೊರರೂಪವನ್ನು ಉಳಿಸಿಕೊಂಡು ಒಳಗೆ ಆರು ತೆರೆಗಳಾಗಿ ಸೀಳಿಕೊಂಡಿತು. ಲಿಬರ್ಟಿ ಒಳಗನ್ನು ಒಡೆಯಲಿಲ್ಲ. ಆದರೆ ದಿನನಿತ್ಯದ ಪ್ರದರ್ಶನಗಳನ್ನು ನಿಲ್ಲಿಸಿ, ಆಗೀಗ ಚಿತ್ರೋತ್ಸವಕ್ಕೂ ಸಮಾರಂಭಕ್ಕೂ ಬಾಗಿಲು ತೆರೆಯುವ ಮನೆಯಾಯಿತು. ಈರೋಸ್ 2017ರಲ್ಲಿ ವ್ಯಾಜ್ಯಕ್ಕೆ ಸಿಕ್ಕಿ ಮುಚ್ಚಿತು. 2023ರಲ್ಲಿ ಅದನ್ನು ಕೆಡವುತ್ತಿದ್ದಾರೆಂಬ ಸುದ್ದಿ ಹಬ್ಬಿ ಊರಿನವರು ಗಾಬರಿಗೊಂಡರು. ಕೆಡವಲಿಲ್ಲ. 2024ರ ಫೆಬ್ರುವರಿಯಲ್ಲಿ, ಮೊದಲು ತೆರೆದ ತಿಂಗಳಿನಲ್ಲೇ, 86 ವರ್ಷಗಳ ಅನಂತರ ಅದು ಮರಳಿ ತೆರೆಯಿತು. ಕೆಂಪು ಕಲ್ಲು, ಕೆನೆಬಣ್ಣ, ಗೋಪುರ ಎಲ್ಲವೂ ತೊಳೆದಿಟ್ಟಂತೆ ಹೊಳೆದುವು. ಒಳಗಿನ 1,204 ಆಸನಗಳ ಸಭಾಂಗಣದ ಬದಲು ಸುಮಾರು 300 ಆಸನಗಳ ಐಮ್ಯಾಕ್ಸ್ ತೆರೆ. ಉಳಿದ ಜಾಗ ವ್ಯಾಪಾರಕ್ಕೆ.

ಈರೋಸ್ ಎಂದರೆ ಗ್ರೀಕರ ಕಾಮದೇವ. ನಮ್ಮ ಪುರಾಣದ ಕಾಮದೇವ ಶಿವನ ಕಣ್ಣಿಗೆ ಸಿಕ್ಕಿ ಮೈ ಕಳೆದುಕೊಂಡು ಅನಂಗನಾದ. ಆದರೆ ಅವನ ಪ್ರಭಾವ ಉಳಿಯಿತು, ಬಾಣ ನೆಡುವುದು ನಿಲ್ಲಲಿಲ್ಲ. ಮುಂಬಯಿಯ ಕಾಮದೇವನ ಪಾಡು ಇದಕ್ಕೆ ತಿರುಗುಮುರುಗು. ಮೈ ಮಾತ್ರ ಸುಂದರವಾಗಿ ಉಳಿದಿದೆ.

ಇದಕ್ಕೆ ಕಾರಣ ಯಾರೊಬ್ಬರ ದುರುದ್ದೇಶವಲ್ಲ. ಸಂರಕ್ಷಣೆಯೆಂಬುದನ್ನು ನಾವು ಬೀದಿಯಲ್ಲಿ ನಿಂತು ಯೋಚಿಸುತ್ತೇವೆ. 1995ರಲ್ಲಿ ಮುಂಬಯಿಯಲ್ಲಿ ಪಾರಂಪರಿಕ ಕಟ್ಟಡಗಳ ನಿಯಮಗಳು ಜಾರಿಗೆ ಬಂದುವು. ದೇಶಕ್ಕೇ ಅದು ಮಾದರಿಯಾಯಿತು. ಅದರಲ್ಲಿ ಅತ್ಯುನ್ನತ ದರ್ಜೆಯ ಕಟ್ಟಡಗಳನ್ನು ಬಿಟ್ಟರೆ ಉಳಿದವುಗಳ ಒಳಗೆ ಮಾರ್ಪಾಡು ಮಾಡಲು ಅವಕಾಶವುಂಟು. 2018ರಲ್ಲಿ ಯುನೆಸ್ಕೊ ಓವಲ್ ಮೈದಾನದ ಒಂದು ಬದಿಯ ಗೋಥಿಕ್ ಕಟ್ಟಡಗಳನ್ನೂ ಇನ್ನೊಂದು ಬದಿಯ ಆರ್ಟ್ ಡೆಕೊ ಸಾಲನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಅಲ್ಲಿಯೂ ಮುಖ್ಯವಾದದ್ದು ಸಾಲಿನ ನೋಟ. ವಸತಿಯ ಮನೆಗೆ, ಬ್ಯಾಂಕಿನ ಕಟ್ಟಡಕ್ಕೆ ಈ ನ್ಯಾಯ ಸಾಕು. ಬ್ಯಾಂಕಿನ ಒಳಗಿನ ಕಟಕಟೆಗಳನ್ನು ಬದಲಿಸಿದರೆ ನಗರಕ್ಕೆ ನಷ್ಟವಿಲ್ಲ. ಆದರೆ ಚಿತ್ರಮಂದಿರವನ್ನು ಕಟ್ಟಿದ್ದೇ ಒಳಗಿಗಾಗಿ. ಅದರ ಹೊರಮೈ ಒಂದು ಆಹ್ವಾನಪತ್ರಿಕೆ. ಮದುವೆ ನಿಂತುಹೋದ ಮೇಲೆ ಆಹ್ವಾನಪತ್ರಿಕೆಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಅದಕ್ಕೂ ಒಂದು ಚೆಲುವಿದೆ, ಆದರೆ ಊಟವಿಲ್ಲ.

ಒಳಗನ್ನು ಉಳಿಸುವುದು ಅಸಾಧ್ಯವೆನ್ನುವವರಿಗೆ ಎರಡು ಉದಾಹರಣೆ ಕೊಡಬಹುದು. ನ್ಯೂಯಾರ್ಕಿನಲ್ಲಿ 1927ರಲ್ಲಿ ತೆರೆದ ರಾಕ್ಸಿ ಎಂಬ ಮಹಾಮಂದಿರ ಆರು ಸಾವಿರದ ಸಮೀಪ ಆಸನಗಳುಳ್ಳದ್ದಾಗಿತ್ತು; 1960ರಲ್ಲಿ ಅದನ್ನು ಕೆಡವಿದರು. ಅದರ ನೆರೆಯಲ್ಲೇ 1932ರಲ್ಲಿ ತೆರೆದ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ 1978ರಲ್ಲಿ ಅದೇ ಗಂಡಾಂತರಕ್ಕೆ ಬಂದು ನಿಂತಿತು. ಜನ ಪ್ರತಿಭಟಿಸಿದರು, ನಗರದ ಆಯೋಗ ಆ ವರ್ಷ ಅದರ ಒಳಾಂಗಣವನ್ನೇ ಸ್ಮಾರಕವೆಂದು ಸಾರಿತು. ಕಟ್ಟಡ ಇಂದಿಗೂ ಉಳಿದಿದೆ. ಇನ್ನೊಂದು ಉದಾಹರಣೆ ಮುಂಬಯಿಯದೇ. ಅಲ್ಲಿನ ರಾಯಲ್ ಓಪೆರಾ ಹೌಸ್ ನಾಟಕಶಾಲೆಯಾಗಿದ್ದು ಸಿನಿಮಾಮಂದಿರವಾಗಿ, 1993ರಲ್ಲಿ ಮುಚ್ಚಿಹೋಗಿ, ಹಲವು ವರ್ಷಗಳ ಜೀರ್ಣೋದ್ಧಾರದ ಅನಂತರ 2016ರಲ್ಲಿ ಒಳಗಿನ ಪೆಟ್ಟಿಗೆಮಂಚಗಳೂ ಚಿನ್ನದ ಚಿತ್ತಾರವೂ ಸಹಿತ ಮರಳಿ ತೆರೆಯಿತು. ಅದರ ಒಡೆಯರು ಗೊಂಡಲದ ರಾಜಮನೆತನದವರು. ನಿಜವಾದ ರಾಜರ ಕೈಯಲ್ಲಿಲ್ಲದ, ಟಿಕೆಟ್ಟು ಕೊಂಡ ದೊರೆಗಳನ್ನೇ ನಂಬಿದ ಅರಮನೆಗಳಿಗೆ ಆ ಸೌಕರ್ಯವಿಲ್ಲ. ಅವಕ್ಕೆ ಕಾನೂನಿನ ಆಸರೆಯೂ ತೆರಿಗೆಯ ಕರುಣೆಯೂ ಬೇಕು.

ನಮ್ಮ ವಾದಕ್ಕೆ ಆಕ್ಷೇಪಣೆಗಳಿವೆ. ಹಳೆಯ ಮಂದಿರಗಳ ಮೇಲಿನ ಮಮತೆ ಮುದುಕರ ಹಂಬಲವೆಂದು ತರುಣರು ನಗಬಹುದು. ಕೊನೆಯ ದಿನಗಳಲ್ಲಿ ಇಂಥ ಎಷ್ಟೋ ಮಂದಿರಗಳಲ್ಲಿ ಕುರ್ಚಿ ಹರಿದಿತ್ತು, ತೆರೆಯ ಮೇಲೆ ಬೆಳಕು ಮಂಕಾಗಿತ್ತು, ಹೊರಗೆ ಕಳ್ಳಸಂತೆಯ ಟಿಕೆಟ್ಟಿನವರು ಕಾಡುತ್ತಿದ್ದರು ಎಂಬುದು ನಿಜ. ಹೊಸ ಐಮ್ಯಾಕ್ಸಿನಲ್ಲಿ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ, ಶಬ್ದ ಸೊಗಸಾಗಿ ಕೇಳುತ್ತದೆ, ಎಲ್ಲರಿಗೂ ಒಳ್ಳೆಯ ನೋಟ ಸಿಕ್ಕುತ್ತದೆ. ಬೀಗ ಬಿದ್ದ ಅರಮನೆಗಿಂತ ದೀಪ ಹೊತ್ತಿದ ಕೋಣೆ ಮೇಲು. ಇದನ್ನೆಲ್ಲ ಒಪ್ಪಿಕೊಳ್ಳೋಣ. ಈರೋಸನ್ನು ಮರಳಿ ತೆರೆದವರು ಕಟ್ಟಡವನ್ನು ನೆಲಸಮ ಮಾಡಿ ಗಾಜಿನ ಗೋಪುರ ಕಟ್ಟಬಹುದಿತ್ತೆಂದು ಬಯಸುವವರೂ ಇದ್ದಾರು. ಹಾಗಾಗದಂತೆ ತಡೆದವರ ಶ್ರಮಕ್ಕೆ ಕೃತಜ್ಞರಾಗಿರೋಣ.

ಆದರೆ ತೆರೆಯ ಗಾತ್ರ, ಶಬ್ದದ ಸೊಗಸು ಇವೆಲ್ಲ ಚಿತ್ರಕ್ಕೆ ಸಂಬಂಧಪಟ್ಟವು. ಕೂಡಿ ಕುಳಿತವರಿಗೆ ಸಂಬಂಧಪಟ್ಟವಲ್ಲ. ಹನ್ನೆರಡು ನೂರು ಜನ ಒಟ್ಟಿಗೆ ನಕ್ಕಾಗ ಕೇಳುವ ನಗುವೇ ಬೇರೆ. ಅದು ಮುನ್ನೂರು ಜನರ ನಗುವಿನ ನಾಲ್ಕು ಪಟ್ಟು ಅಷ್ಟೇ ಎಂದು ಲೆಕ್ಕ ಹಾಕಿದರೆ ತಪ್ಪಾದೀತು. ಅಷ್ಟು ಜನರ ನಡುವೆ ಯಾರು ಯಾರೆಂದು ತಿಳಿಯದು. ನಗು ಯಾವ ಮೂಲೆಯಲ್ಲಿ ಹುಟ್ಟಿತೆಂದು ಗೊತ್ತಾಗದು. ಕೆಳಗಿನ ಸಾಲಿನವನ ಶಿಳ್ಳೆಗೆ ಬಾಲ್ಕನಿಯವರು ಮೊದಲು ಮುಖ ಸಿಂಡರಿಸಿ ಆಮೇಲೆ ತಾವೂ ನಗುತ್ತಾರೆ. ಬೇರೆ ಬೇರೆ ಬೆಲೆಯ ಕುರ್ಚಿಗಳಲ್ಲಿ ಕುಳಿತವರೂ ಒಂದೇ ಮಾಳಿಗೆಯ ಕೆಳಗೆ ಒಬ್ಬರನ್ನೊಬ್ಬರು ಸಹಿಸಿಕೊಳ್ಳಬೇಕಾಗಿತ್ತು. ಬಹುತೆರೆಯ ಮಂದಿರಗಳಲ್ಲಿ ಟಿಕೆಟ್ಟಿನ ಬೆಲೆಯೇ ಬಾಗಿಲಲ್ಲಿ ನಿಂತು ಜನರನ್ನು ಆರಿಸಿಬಿಡುತ್ತದೆ. ಅಂತಸ್ತುಗಳು ಮಾಯವಾದುವೆಂದು ತೋರುವುದು ಅದಕ್ಕಾಗಿಯೇ. ಕೆಳಗಿನ ಅಂತಸ್ತಿನವನು ಒಳಕ್ಕೇ ಬರಲಿಲ್ಲ.

ಇದು ಮುಂಬಯಿಯ ಸಂಗತಿ ಮಾತ್ರವೆಂದು ನಾವು ನಿರಾಳವಾಗಿರುವಂತಿಲ್ಲ. ಬೆಂಗಳೂರಿನಲ್ಲಿ ‘ಮೆಜೆಸ್ಟಿಕ್’ ಎಂಬ ಪ್ರದೇಶವನ್ನು ಅರಿಯದವರಿಲ್ಲ. ಊರಿಗೆ ಬಂದಿಳಿದವರು ಕೇಳುವ ಮೊದಲ ಹೆಸರು ಅದೇ. ಅದು ಅಲ್ಲಿದ್ದ ಚಿತ್ರಮಂದಿರವೊಂದರ ಹೆಸರು. ಆ ಮಂದಿರ ಹೋಗಿದೆ. ಬಸ್ಸಿನ ಫಲಕದ ಮೇಲೆ, ನಿರ್ವಾಹಕನ ಬಾಯಲ್ಲಿ ಹೆಸರು ಬಾಳುತ್ತಿದೆ. ಅದರ ಸುತ್ತಮುತ್ತ ಇದ್ದ ಎಷ್ಟೋ ಮಂದಿರಗಳಿಗೆ ಆ ಭಾಗ್ಯವೂ ಇಲ್ಲ. ಮುಂಬಯಿಯವರು ಮುಖವನ್ನಾದರೂ ಉಳಿಸಿಕೊಂಡರು. ನಾವು ಹೆಸರನ್ನು ಉಳಿಸಿಕೊಂಡು ತೃಪ್ತರಾಗಿದ್ದೇವೆ. ಹಾಗಿರುವಾಗ ಈರೋಸನ್ನು ಟೀಕಿಸುವ ಅಧಿಕಾರ ನಮಗೆಲ್ಲಿಯದು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೆ ಉಳಿಸುವ ಕೆಲಸವನ್ನು ಇನ್ನೂ ಆರಂಭಿಸದವರು ಅದನ್ನು ಮಾಡಿ ನೋಡಿದವರಿಂದ ಪಾಠ ಕಲಿಯುವುದರಲ್ಲಿ ತಪ್ಪಿಲ್ಲ.

ಆ ಪಾಠ ಸರಳವಾದದ್ದು. ಹಳೆಯ ಚಿತ್ರಮಂದಿರವೊಂದನ್ನು ಉಳಿಸಿದೆವೆಂದು ಯಾರಾದರೂ ಹೇಳಿದಾಗ ನಾವು ಬೀದಿಯ ಆಚೆಬದಿಯಲ್ಲಿ ನಿಂತು ಛಾಯಾಚಿತ್ರ ತೆಗೆದುಕೊಂಡು ಹಿಂದಿರುಗಬಾರದು. ಮೂರು ಪ್ರಶ್ನೆ ಕೇಳಬೇಕು. ಬೀದಿಯಿಂದ ಮೊಗಸಾಲೆಗೆ, ಮೊಗಸಾಲೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಸಭಾಂಗಣಕ್ಕೆ ಹೋಗುವ ದಾರಿ ಟಿಕೆಟ್ಟು ಕೊಂಡವನಿಗೆ ಹಿಂದಿನಂತೆ ತೆರೆದಿದೆಯೇ? ಆ ದಾರಿಯ ಕೊನೆಯಲ್ಲಿ ದೊಡ್ಡ ಸಭಾಂಗಣ ದೊಡ್ಡದಾಗಿಯೇ ಉಳಿದಿದೆಯೇ? ರೈಲಿನಿಂದ ಇಳಿದು ಬಂದ ಗುಮಾಸ್ತನ ಜೇಬಿಗೆ ಆ ಟಿಕೆಟ್ಟು ಎಟುಕುತ್ತದೆಯೇ? ಮೊದಲನೆಯದಕ್ಕೆ ವಾಸ್ತುಶಿಲ್ಪಿಗಳು, ಎರಡನೆಯದಕ್ಕೆ ಕಾನೂನು ಮಾಡುವವರು, ಮೂರನೆಯದಕ್ಕೆ ಸರ್ಕಾರವೂ ಒಡೆಯರೂ ಉತ್ತರ ಹೇಳಬೇಕು. ಎರಡನೆಯ ಪ್ರಶ್ನೆಗೆ ಇಂದಿನ ಈರೋಸ್ ಕೊಡುವ ಉತ್ತರ ಇಲ್ಲವೆಂಬುದೇ. ಲಿಬರ್ಟಿಯಂತೆ ಒಳಗಿನ್ನೂ ಒಡೆಯದೆ ನಿಂತಿರುವ ಮಂದಿರಗಳು ದೇಶದಲ್ಲಿ ಅಲ್ಲಲ್ಲಿ ಇವೆ. ಅವುಗಳ ಸರದಿ ಬರುವ ಮುನ್ನ ಈ ಪ್ರಶ್ನೆಗಳನ್ನು ಕೇಳಿದರೆ ಉಪಯೋಗವಾದೀತು. ಬಂದ ಮೇಲೆ ಕೇಳಿದರೆ ಇಂಥ ಇನ್ನೊಂದು ಲೇಖನವಾದೀತು.